ಸೈಲೆನ್ಸರ್ ಹೊಗೆಯ ಚಾರ್ಟ್ ಒಂದೇ ಸಾಕೆ?

ವಾಯು ಮಾಲಿನ್ಯದ ಪಾಠಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಬರೆಯುವ ಚಾರ್ಟ್ ಹೇಗಿರುತ್ತದೆ ಎಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಎಡಗಡೆ ಕಪ್ಪು ಹೊಗೆ ಉಗುಳುವ ಲಾರಿ, ಬಲಗಡೆ ಕಾರ್ಖಾನೆಯ ಚಿಮಣಿ, ಮಧ್ಯದಲ್ಲಿ ಮೂಗು ಮುಚ್ಚಿಕೊಂಡ ಹುಡುಗ. ಕೆಳಗೆ ಮೂರು ಕಾಲಂ: ಕಾರಣಗಳು, ಪರಿಣಾಮಗಳು, ಪರಿಹಾರಗಳು. ಪರಿಹಾರದ ಕಾಲಂನ ಕೊನೆಯ ಸಾಲು ಎಲ್ಲರದ್ದೂ ಒಂದೇ: ‘ಗಿಡಗಳನ್ನು ನೆಡಬೇಕು’. ಬೋಧನೋಪಕರಣಕ್ಕೆ ಅಂಕ ಸಿಗುತ್ತದೆ, ಮಕ್ಕಳು ಒಕ್ಕೊರಲಿನಿಂದ ಉತ್ತರ ಹೇಳುತ್ತಾರೆ, ಅವಧಿ ಸರಿಯಾದ ಸಮಯಕ್ಕೆ ಮುಗಿಯುತ್ತದೆ.

ನನ್ನ ಆಕ್ಷೇಪ ಚಾರ್ಟಿನ ಅಂದದ ಬಗ್ಗೆ ಇಲ್ಲ, ಅದು ಕಲಿಸುವ ವಿಜ್ಞಾನದ ಬಗ್ಗೆ ಇದೆ. ವಾಹನ ಮಾಲಿನ್ಯವೆಂದರೆ ಕಣ್ಣಿಗೆ ಕಾಣುವ ಹೊಗೆ ಎಂದು ಆ ಚಾರ್ಟ್ ಹೇಳುತ್ತದೆ. ಆದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಶಾಲೆಗಳಲ್ಲಿ ಕುಳಿತ ಮಕ್ಕಳ ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳು ಕಣ್ಣಿಗೆ ಕಾಣುವಂಥವಲ್ಲ. ರಸ್ತೆಯ ವಾಹನಗಳಿಂದ ಇಂಥ ಕಣಗಳು ಗಾಳಿಗೆ ಸೇರುವ ದಾರಿಗಳು ಮೂರು. ನಮ್ಮ ಚಾರ್ಟ್ ತೋರಿಸುವುದು ಒಂದನ್ನು ಮಾತ್ರ, ಅದನ್ನೂ ಅರ್ಧಂಬರ್ಧ. ಉಳಿದದ್ದನ್ನು ಕಲಿಸಲು ಹೊಸ ಪಠ್ಯಪುಸ್ತಕ ಬೇಡ. ಬೇಕಾದ ವಿಜ್ಞಾನವೆಲ್ಲ ದಹನ, ಕಲಿಲ, ಉಸಿರಾಟದ ಪಾಠಗಳಲ್ಲಿ ಚದುರಿಕೊಂಡಿದೆ. ಅದನ್ನು ಜೋಡಿಸುವ ಕೆಲಸ ನಮ್ಮದು ಎಂಬುದೇ ಈ ಲೇಖನದ ವಾದ.

ಮೇಣದಬತ್ತಿಯ ಮಸಿ, ಡೀಸೆಲ್ ಮಸಿ

‘ದಹನ ಮತ್ತು ಜ್ವಾಲೆ’ ಪಾಠವನ್ನು ನಮ್ಮಲ್ಲಿ ಅನೇಕರು ಎಂಟನೇ ತರಗತಿಗೆ ಬೋಧಿಸಿದ್ದೇವೆ. ಮೇಣದಬತ್ತಿಯ ಜ್ವಾಲೆಯ ಹಳದಿ ವಲಯಕ್ಕೆ ಗಾಜಿನ ಪಟ್ಟಿ ಹಿಡಿದರೆ ಕಪ್ಪು ಉಂಗುರ ಮೂಡುತ್ತದೆ. ಆ ವಲಯಕ್ಕೆ ಸಾಕಷ್ಟು ಆಮ್ಲಜನಕ ಸಿಗದೆ ಇಂಗಾಲ ಪೂರ್ತಿ ಉರಿಯುವುದಿಲ್ಲ. ಉರಿಯದೆ ಉಳಿದದ್ದೇ ಮಸಿ. ಮಕ್ಕಳು ಇಷ್ಟಪಟ್ಟು ಮಾಡುವ ಪ್ರಯೋಗವಿದು. ಆದರೆ ಕೆಲವು ವಾರಗಳ ನಂತರ ಮಾಲಿನ್ಯದ ಮಾತು ಬಂದಾಗ ಆ ಗಾಜಿನ ಪಟ್ಟಿ ಮಕ್ಕಳಿಗೂ ನೆನಪಾಗುವುದಿಲ್ಲ, ನಮಗೂ ನೆನಪಾಗುವುದಿಲ್ಲ.

ಡೀಸೆಲ್ ಎಂಜಿನ್ನಿನ ಸಿಲಿಂಡರಿನಲ್ಲಿ ನಡೆಯುವುದು ಹೆಚ್ಚುಕಡಿಮೆ ಇದೇ. ಅಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಒತ್ತಡದಿಂದ ಬಿಸಿಯಾದ ಗಾಳಿಯೊಳಕ್ಕೆ ಡೀಸೆಲ್ಲನ್ನು ತುಂತುರಾಗಿ ಚಿಮ್ಮಿಸುತ್ತಾರೆ. ತುಂತುರಿನ ಅಂಚಿಗೆ ಆಮ್ಲಜನಕ ಸಿಗುತ್ತದೆ, ನಡುವಿಗೆ ಸಾಲದು. ಅಲ್ಲಿ ಮಸಿ ಹುಟ್ಟುತ್ತದೆ. ಹುಟ್ಟಿದ್ದರಲ್ಲಿ ಬಹುಪಾಲು ಸಿಲಿಂಡರಿನೊಳಗೇ ಉರಿದುಹೋಗುತ್ತದೆ, ಉಳಿದದ್ದು ಹೊರಗೆ ಬರುತ್ತದೆ. ಸರಕು ಹೇರಿದ ಹಳೆಯ ಲಾರಿ ಸುಮನಹಳ್ಳಿ ಮೇಲ್ಸೇತುವೆ ಏರುವಾಗ ಹೊಗೆ ಏಕೆ ಕಪ್ಪಾಗುತ್ತದೆ ಎಂದು ಮಕ್ಕಳನ್ನು ಕೇಳಿ ನೋಡಬೇಕು. ಏರಿಗೆ ಹೆಚ್ಚು ಇಂಧನ ಹೋಯಿತು, ಗಾಳಿ ಅದಕ್ಕೆ ತಕ್ಕಷ್ಟು ಹೋಗಲಿಲ್ಲ ಎಂಬ ಉತ್ತರವನ್ನು ಮೇಣದಬತ್ತಿ ಕಂಡ ಮಕ್ಕಳು ತಾವೇ ಕಟ್ಟಿಕೊಳ್ಳಬಲ್ಲರು. ಸಾಮಾನ್ಯ ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ, ಇಂಧನ ಮೊದಲೇ ಬೆರೆತು ಬರುವುದರಿಂದ ಮಸಿ ಕಡಿಮೆ. ಹಳೆಯ ಟು-ಸ್ಟ್ರೋಕ್ ಗಾಡಿಗಳ ನೀಲಿ ಹೊಗೆಗೆ ಕಾರಣ ಬೇರೆ: ಅವು ಪೆಟ್ರೋಲಿನ ಜೊತೆ ಆಯಿಲನ್ನೂ ಉರಿಸುತ್ತವೆ.

ಈ ದಾರಿಯನ್ನು ಕಿರಿದು ಮಾಡುವ ಪ್ರಯತ್ನವೂ ನಡೆದಿದೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 ಮಾನದಂಡ ಜಾರಿಗೆ ಬಂತು. ಡೀಸೆಲ್‌ನಲ್ಲಿರಬಹುದಾದ ಗಂಧಕದ ಮಿತಿ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಡೀಸೆಲ್ ಕಾರು ಒಂದು ಕಿಲೋಮೀಟರಿಗೆ ಹೊರಬಿಡಬಹುದಾದ ಕಣಗಳ ಮಿತಿ 25 ಮಿಲಿಗ್ರಾಂನಿಂದ 4.5 ಮಿಲಿಗ್ರಾಂಗೆ ಬಂತು. ಮಸಿಯನ್ನು ಹಿಡಿದಿಡುವ ಫಿಲ್ಟರ್ ಇಲ್ಲದೆ ಡೀಸೆಲ್ ಕಾರು ಈ ಮಿತಿಯೊಳಗೆ ಬರುವುದು ಕಷ್ಟ. ಇದು ಹೊಸ ಗಾಡಿಗಳ ಮಾತು. 2020ಕ್ಕೆ ಮೊದಲು ರಸ್ತೆಗಿಳಿದ ಲಾರಿ, ಟೆಂಪೊಗಳು ಮಾಗಡಿ ರಸ್ತೆಯಲ್ಲಿ ಇನ್ನೂ ಓಡುತ್ತಿವೆ.

ಸೈಲೆನ್ಸರ್ ತೋರಿಸದ ಎರಡು ದಾರಿಗಳು

ಎರಡನೆಯ ದಾರಿಯಲ್ಲಿ ಕಣ ಹುಟ್ಟುವುದು ಸೈಲೆನ್ಸರಿನಿಂದ ಹೊರಬಂದ ಮೇಲೆ. ಎಂಜಿನ್ನಿನ ಬಿಸಿಯಲ್ಲಿ ಗಾಳಿಯ ಸಾರಜನಕ, ಆಮ್ಲಜನಕ ಸೇರಿ ಸಾರಜನಕದ ಆಕ್ಸೈಡ್‌ಗಳಾಗುತ್ತವೆ. ಹೊರಬರುವಾಗ ಅವು ಅನಿಲ. ವಾತಾವರಣದಲ್ಲಿ ನೈಟ್ರಿಕ್ ಆಮ್ಲವಾಗಿ ಬದಲಾಗಿ, ಚರಂಡಿ, ಕಸ, ಗೊಬ್ಬರಗಳಿಂದ ಬರುವ ಅಮೋನಿಯಾದ ಜೊತೆ ಕೂಡಿ ಅಮೋನಿಯಂ ನೈಟ್ರೇಟ್ ಎಂಬ ಲವಣದ ಸೂಕ್ಷ್ಮ ಕಣಗಳಾಗುತ್ತವೆ. ಇಂಧನದ ಗಂಧಕವೂ ಹೀಗೆಯೇ ಸಲ್ಫೇಟ್ ಕಣವಾಗಬಲ್ಲದು. ಆಮ್ಲ, ಪ್ರತ್ಯಾಮ್ಲ ಸೇರಿ ಲವಣವಾಗುವ ಪಾಠ ಪ್ರಯೋಗಶಾಲೆಯ ಪ್ರನಾಳದಲ್ಲಷ್ಟೇ ಅಲ್ಲ, ನಾಯಂಡಹಳ್ಳಿ ಜಂಕ್ಷನ್ನಿನ ಮೇಲಿನ ಗಾಳಿಯಲ್ಲೂ ನಡೆಯುತ್ತದೆ ಎಂದು ಹತ್ತನೇ ತರಗತಿಯವರಿಗೆ ಹೇಳಿದರೆ ರಸಾಯನಶಾಸ್ತ್ರಕ್ಕೆ ಒಂದು ವಿಳಾಸ ಸಿಕ್ಕಂತಾಗುತ್ತದೆ.

ಮೂರನೆಯ ದಾರಿಗೆ ಎಂಜಿನ್ನೇ ಬೇಕಿಲ್ಲ. ಟೈರ್ ಸವೆಯುತ್ತದೆ, ಬ್ರೇಕ್ ಪ್ಯಾಡ್ ಸವೆಯುತ್ತದೆ, ಡಾಂಬರು ಸವೆಯುತ್ತದೆ. ರಸ್ತೆಯಂಚಿನ ಮಣ್ಣನ್ನು ಚಕ್ರಗಳು ಅರೆದು ನುಣ್ಣಗೆ ಮಾಡಿ ಮತ್ತೆ ಮತ್ತೆ ಎಬ್ಬಿಸುತ್ತವೆ. ಪೈಪಿಗೋ ಕೇಬಲ್ಲಿಗೋ ಅಗೆದು ಸರಿಯಾಗಿ ಮುಚ್ಚದ ರಸ್ತೆಯಲ್ಲಿ ಇದು ಎಷ್ಟು ಹೆಚ್ಚುತ್ತದೆ ಎಂದು ವಿಜಯನಗರದ ಒಳರಸ್ತೆಗಳಲ್ಲಿ ಸ್ಕೂಟರ್ ಓಡಿಸುವ ಪ್ರಶಿಕ್ಷಣಾರ್ಥಿಗಳಿಗೆ ಹೇಳಬೇಕಾಗಿಲ್ಲ. ಕೆಂಗೇರಿ ಉಪನಗರದ ಶಾಲೆಯೊಂದರಲ್ಲಿ ಸಹಪಾಠಿಯೊಬ್ಬರ ಪಾಠವನ್ನು ವೀಕ್ಷಿಸುತ್ತಿದ್ದಾಗ ಹುಡುಗನೊಬ್ಬ ಎದ್ದು, “ಎಲ್ಲಾ ಎಲೆಕ್ಟ್ರಿಕ್ ಗಾಡಿ ಆದ್ರೆ ಧೂಳೂ ಇರಲ್ವಾ ಮಿಸ್?” ಎಂದು ಕೇಳಿದ. ಆ ದಿನ ನಾನು ಕೇಳಿದ ಅತ್ಯುತ್ತಮ ವಿಜ್ಞಾನ ಪ್ರಶ್ನೆ ಅದು. ಪಾಠಯೋಜನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ವಿದ್ಯುತ್ ವಾಹನ ಮೊದಲ ಎರಡು ದಾರಿಗಳನ್ನು ಆ ರಸ್ತೆಯ ಮಟ್ಟಿಗೆ ಮುಚ್ಚುತ್ತದೆ. ವೇಗ ತಗ್ಗಿಸುವ ಕೆಲಸದ ಒಂದು ಪಾಲನ್ನು ಮೋಟಾರೇ ಮಾಡುವುದರಿಂದ ಬ್ರೇಕಿನ ಸವೆತವೂ ಕಡಿಮೆ. ಆದರೆ ಟೈರ್ ಸವೆಯುವುದು, ಧೂಳು ಏಳುವುದು ನಿಲ್ಲುವುದಿಲ್ಲ. ಐರೋಪ್ಯ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ಯೂರೊ-7 ನಿಯಮಗಳು ಬ್ರೇಕಿನಿಂದ ಉದುರುವ ಕಣಗಳಿಗೂ ಮಿತಿ ಹಾಕಿವೆ. ಹುಡುಗನ ಪ್ರಶ್ನೆ ಅಲ್ಲಿನ ಕಾನೂನು ಮಾಡುವವರ ಪ್ರಶ್ನೆಯೂ ಆಗಿತ್ತು.

ಈ ಮೂರನೆಯ ದಾರಿ ಚಿಕ್ಕದೇನಲ್ಲ. ಬೆಂಗಳೂರಿನ ಗಾಳಿಯ ಬಗ್ಗೆ ಟೆರಿ ಸಂಸ್ಥೆ ನಡೆಸಿದ, 2010ರಲ್ಲಿ ಮುಗಿದ ಅಧ್ಯಯನವು ನಗರದ ಪಿಎಂ 10 ಹೊರಸೂಸುವಿಕೆಯಲ್ಲಿ ಸಾರಿಗೆಯ ಪಾಲು ಶೇ 42 ಎಂದೂ ರಸ್ತೆಯಿಂದ ಮತ್ತೆ ಏಳುವ ಧೂಳಿನ ಪಾಲು ಶೇ 20 ಎಂದೂ ಅಂದಾಜಿಸಿತ್ತು. ಇವು ಬಿಎಸ್-6ಕ್ಕಿಂತ ಬಹಳ ಹಿಂದಿನ ಅಂಕಿಗಳು, ಇಂದಿಗೆ ಹಾಗೆಯೇ ಅನ್ವಯಿಸಬಾರದು. ನಮ್ಮ ಪಾಠಕ್ಕೆ ಮುಖ್ಯವಾದದ್ದು ಅದರ ವಿಂಗಡಣೆ. ವಿಜ್ಞಾನಿಗಳು ಹೊಗೆಯನ್ನೂ ಧೂಳನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯುತ್ತಾರೆ. ನಾವು ಎರಡನ್ನೂ ಒಂದೇ ಲಾರಿಯ ಚಿತ್ರದಲ್ಲಿ ಮುಗಿಸುತ್ತೇವೆ.

ತೂಕ ಕಡಿಮೆ, ಎಣಿಕೆ ಹೆಚ್ಚು

ಪಿಎಂ 10 ಎಂದರೆ 10 ಮೈಕ್ರೊಮೀಟರ್ ಅಥವಾ ಅದಕ್ಕಿಂತ ಕಡಿಮೆ ವ್ಯಾಸದ ಕಣಗಳು, ಪಿಎಂ 2.5 ಎಂದರೆ 2.5 ಮೈಕ್ರೊಮೀಟರ್ ಮತ್ತು ಅದಕ್ಕಿಂತ ಚಿಕ್ಕವು. ತಲೆಕೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರೊಮೀಟರ್. ಇಷ್ಟನ್ನು ಹೇಳಿ ನಾವು ಮುಂದೆ ಹೋಗುತ್ತೇವೆ. ಅಲ್ಲಿ ನಿಂತು ಒಂದು ಲೆಕ್ಕ ಮಾಡಿಸಿದರೆ ಪಾಠ ಬೇರೆಯೇ ಆಗುತ್ತದೆ.

10 ಮೈಕ್ರೊಮೀಟರ್ ವ್ಯಾಸದ ಒಂದು ಗೋಳವನ್ನು 2.5 ಮೈಕ್ರೊಮೀಟರಿನ ಗೋಳಗಳಾಗಿ ಒಡೆದರೆ ಎಷ್ಟಾಗುತ್ತವೆ? ವ್ಯಾಸ ನಾಲ್ಕನೇ ಒಂದು ಭಾಗ, ಹಾಗಾಗಿ ಸಂಖ್ಯೆ ನಾಲ್ಕರ ಘನ, ಅಂದರೆ 64. ಒಟ್ಟು ತೂಕ ಅಷ್ಟೇ, ಒಟ್ಟು ಮೇಲ್ಮೈ ನಾಲ್ಕು ಪಟ್ಟು. ಡೀಸೆಲ್ ಹೊಗೆಯಲ್ಲಿ ಧಾರಾಳವಾಗಿರುವ 0.1 ಮೈಕ್ರೊಮೀಟರಿನಷ್ಟು ಸಣ್ಣ ಕಣಗಳ ಲೆಕ್ಕ ಹಾಕಿದರೆ ಅದೇ ಒಂದು ಗೋಳ ಹತ್ತು ಲಕ್ಷ ಕಣಗಳಾಗುತ್ತದೆ, ಮೇಲ್ಮೈ ನೂರು ಪಟ್ಟಾಗುತ್ತದೆ. ಅಪಾಯಕಾರಿ ರಾಸಾಯನಿಕಗಳು ಅಂಟಿಕೊಳ್ಳುವುದು ಈ ಮೇಲ್ಮೈಗೆ. ಒಂಬತ್ತನೇ ತರಗತಿಯ ಗಣಿತದಲ್ಲಿ ಗೋಳದ ಘನಫಲ ಇದೆ, ವಿಜ್ಞಾನದಲ್ಲಿ ಕಲಿಲ ಇದೆ, ಟಿಂಡಾಲ್ ಪರಿಣಾಮ ಇದೆ. ಹೊಗೆಯೇ ಒಂದು ಕಲಿಲ.

ಇನ್ನೊಂದು ಲೆಕ್ಕ ಉಸಿರಾಟದ ಪಾಠಕ್ಕೆ. ವಿಶ್ರಾಂತಿಯಲ್ಲಿರುವ ವಯಸ್ಕರು ಒಂದು ಉಸಿರಿಗೆ ಸುಮಾರು ಅರ್ಧ ಲೀಟರ್, ನಿಮಿಷಕ್ಕೆ 15 ಸಲ ಉಸಿರಾಡುತ್ತಾರೆ ಎಂದಿಟ್ಟುಕೊಂಡರೆ ದಿನಕ್ಕೆ 10,800 ಲೀಟರ್, ಅಂದರೆ ಹತ್ತು ಘನ ಮೀಟರಿಗಿಂತ ಸ್ವಲ್ಪ ಹೆಚ್ಚು. ನಮ್ಮ ದೇಶದ 2009ರ ಮಾನದಂಡದ ಪ್ರಕಾರ ಪಿಎಂ 2.5ರ ವಾರ್ಷಿಕ ಸರಾಸರಿ ಘನ ಮೀಟರಿಗೆ 40 ಮೈಕ್ರೊಗ್ರಾಂ ಮೀರಬಾರದು. ಸರಿಯಾಗಿ ಆ ಮಿತಿಯಲ್ಲೇ ಇರುವ ಗಾಳಿಯನ್ನು ಸೇವಿಸಿದರೂ ದಿನಕ್ಕೆ 432 ಮೈಕ್ರೊಗ್ರಾಂ ಒಳಹೋಗುತ್ತದೆ. ಅರ್ಧ ಮಿಲಿಗ್ರಾಂ ಕೂಡ ಇಲ್ಲವಲ್ಲ ಎಂದು ಮಕ್ಕಳು ಹೇಳುತ್ತಾರೆ. ಆಗ ಮೇಲಿನ ಗೋಳದ ಲೆಕ್ಕವನ್ನು ನೆನಪಿಸಬೇಕು. ದೊಡ್ಡ ಕಣಗಳನ್ನು ಮೂಗಿನ ಕೂದಲು, ಲೋಳೆ ಹಿಡಿಯುತ್ತವೆ. ಸಣ್ಣವು ಗಾಳಿಗೂಡುಗಳವರೆಗೆ ಇಳಿಯುತ್ತವೆ, ಅತಿ ಸಣ್ಣವು ರಕ್ತಕ್ಕೂ ಸೇರಬಲ್ಲವು. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಉಸಿರಾಡುತ್ತಾರೆ, ಅವರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲೇ ವರ್ಗೀಕರಿಸಿದೆ.

ಪಕ್ಕದ ಬಡಾವಣೆಯ ಮಾಪಕ

ಸ್ಥಳೀಯ ಮಾಹಿತಿ ಸಿಗುವುದಿಲ್ಲ ಎಂಬ ನೆಪ ಪಶ್ಚಿಮ ಬೆಂಗಳೂರಿನ ನಮಗೆ ಇಲ್ಲ. ಬಸವೇಶ್ವರನಗರದ ಪಕ್ಕದ ಸಾಣೆಗುರುವನಹಳ್ಳಿಯಲ್ಲಿ, ಮೈಸೂರು ರಸ್ತೆಯ ಬಾಪೂಜಿನಗರದಲ್ಲಿ, ಕೆಂಗೇರಿ ಕಡೆಯ ಆರ್.ವಿ. ಎಂಜಿನಿಯರಿಂಗ್ ಕಾಲೇಜು-ಮೈಲಸಂದ್ರದಲ್ಲಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಮಾಪನ ಕೇಂದ್ರಗಳಿವೆ. ಅವುಗಳ ಅಂಕಿಅಂಶ ಕೇಂದ್ರ ಮಂಡಳಿಯ ಜಾಲತಾಣದಲ್ಲಿ, ‘ಸಮೀರ್’ ಆ್ಯಪ್‌ನಲ್ಲಿ ಯಾರಿಗಾದರೂ ಸಿಗುತ್ತದೆ. ಒಂದು ದಿನದ ಗಂಟೆಗಂಟೆಯ ಅಂಕಿಗಳನ್ನು ತಂದುಕೊಟ್ಟು ಮಕ್ಕಳಿಂದ ರೇಖಾನಕ್ಷೆ ಬರೆಸಿದರೆ ಸಾಕು, ಬೇರೆ ಬೋಧನೋಪಕರಣ ಬೇಡ.

ಚಳಿಗಾಲದ ಒಂದು ಸಾಮಾನ್ಯ ದಿನದ ನಕ್ಷೆಯಲ್ಲಿ ಬೆಳಿಗ್ಗೆ ಒಂದು ಏರು, ಮಧ್ಯಾಹ್ನ ಇಳಿತ, ರಾತ್ರಿ ಮತ್ತೊಂದು ಏರು ಕಾಣುತ್ತದೆ. ‘ಬೆಳಿಗ್ಗೆ ಗಾಡಿ ಹೆಚ್ಚು, ಅದಕ್ಕೇ’ ಎಂದು ಮಕ್ಕಳು ಥಟ್ಟನೆ ಹೇಳುತ್ತಾರೆ. ಒಳ್ಳೆಯ ಶಿಕ್ಷಕರು ಅಲ್ಲಿ ತಡೆಯಬೇಕು. ಮಧ್ಯಾಹ್ನ ವೆಸ್ಟ್ ಆಫ್ ಕಾರ್ಡ್ ರಸ್ತೆ ಖಾಲಿ ಇರುತ್ತದೆಯೇ? ಇಲ್ಲ. ಆದರೆ ನೆಲ ಕಾದಾಗ ಬಿಸಿಗಾಳಿ ಮೇಲೇರಿ ಕಣಗಳು ಹೆಚ್ಚು ಎತ್ತರದವರೆಗೆ ಹರಡಿಕೊಳ್ಳುತ್ತವೆ. ಬೆಳಿಗ್ಗೆ, ರಾತ್ರಿ ತಂಪಾದ ಗಾಳಿ ನೆಲಕ್ಕೆ ಅಂಟಿಕೊಂಡಂತೆ ಕೂತು ಕಣಗಳನ್ನು ಕೆಳಗೇ ಇರಿಸುತ್ತದೆ. ಹೊರಸೂಸುವಿಕೆ ಬೇರೆ, ಸಾಂದ್ರತೆ ಬೇರೆ ಎಂಬ ಈ ವ್ಯತ್ಯಾಸ ಒಮ್ಮೆ ಹೊಳೆದರೆ ಮಕ್ಕಳು ಯಾವ ಅಂಕಿಯನ್ನೂ ಹಾಗೇ ನುಂಗುವುದಿಲ್ಲ.

‘ತೃಪ್ತಿಕರ’ ಎಂಬ ಪದವನ್ನೂ ಹೀಗೆಯೇ ಪರೀಕ್ಷಿಸಬೇಕು. ನಮ್ಮ ವಾಯು ಗುಣಮಟ್ಟ ಸೂಚ್ಯಂಕದಲ್ಲಿ 51ರಿಂದ 100ರವರೆಗೆ ‘ತೃಪ್ತಿಕರ’. ಸೂಚ್ಯಂಕ 100 ಎಂದರೆ ಪಿಎಂ 2.5 ಘನ ಮೀಟರಿಗೆ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ 24 ಗಂಟೆಗಳ ಮಿತಿ 15 ಮೈಕ್ರೊಗ್ರಾಂ. ‘ದೆಹಲಿಗಿಂತ ನಮ್ಮೂರು ಎಷ್ಟೋ ವಾಸಿ’ ಎಂಬ ಸಮಾಧಾನ ನಿಜವೇ, ಆದರೆ ಅದು ಹೋಲಿಕೆಯ ಸಮಾಧಾನ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವು ಮಾನದಂಡ ತಲುಪದ ನಗರಗಳ ಪಟ್ಟಿಯಲ್ಲಿ ರಾಜ್ಯದ ನಾಲ್ಕು ಊರುಗಳನ್ನು ಸೇರಿಸಿತ್ತು: ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ಬೆಂಗಳೂರು.

ಯಾರ ಗಾಡಿ, ಯಾರ ತಪ್ಪು?

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು. ನಾವು ಅಭ್ಯಾಸ ಬೋಧನೆಗೆ ಹೋಗುವ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕುಳಿತ ಮಕ್ಕಳಲ್ಲಿ ಆಟೊ, ಟೆಂಪೊ, ಲಾರಿ, ಕ್ಯಾಬ್ ಓಡಿಸುವವರ ಮಕ್ಕಳು ಬಹಳ. ವಿಜಯನಗರ ಕಡೆಯ ಶಾಲೆಯೊಂದರಲ್ಲಿ ಹೊಗೆ ಉಗುಳುವ ಗೂಡ್ಸ್ ಗಾಡಿಯ ಚಿತ್ರ ತೋರಿಸಿದಾಗ ಒಬ್ಬಳು ಹುಡುಗಿ, “ನಮ್ಮಪ್ಪನ ಗಾಡಿಗೆ ಎಮಿಷನ್ ಟೆಸ್ಟ್ ಆಗಿದೆ ಸರ್” ಎಂದಳು. ತರಗತಿ ನಕ್ಕಿತು. ಅವಳು ಕೇಳಿದ್ದು ನ್ಯಾಯದ ಪ್ರಶ್ನೆ, ಅದರೊಳಗೆ ವಿಜ್ಞಾನದ ಪ್ರಶ್ನೆಯೂ ಇತ್ತು. ಪೆಟ್ರೋಲ್ ಬಂಕಿನ ಪಕ್ಕದ ತಪಾಸಣಾ ಕೇಂದ್ರದಲ್ಲಿ ಪೆಟ್ರೋಲ್ ಗಾಡಿಗೆ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್ ಅಳೆಯುತ್ತಾರೆ. ಡೀಸೆಲ್ ಗಾಡಿಯ ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆ ಎಂದು ನೋಡುತ್ತಾರೆ. ಕಣಗಳ ತೂಕವನ್ನಾಗಲಿ ಎಣಿಕೆಯನ್ನಾಗಲಿ ಅಲ್ಲಿ ಅಳೆಯುವುದಿಲ್ಲ. ಟೈರು, ರಸ್ತೆ ಧೂಳಿನ ಮಾತಂತೂ ಬರುವುದೇ ಇಲ್ಲ. ಅವಳಪ್ಪ ಕಾನೂನು ಕೇಳಿದ್ದನ್ನೆಲ್ಲ ಮಾಡಿದ್ದಾರೆ. ಕಾನೂನು ಕೇಳದೆ ಬಿಟ್ಟದ್ದು ಏನು ಎಂಬುದನ್ನು ತರಗತಿ ಚರ್ಚಿಸಬೇಕಿತ್ತು.

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಅವುಗಳಲ್ಲಿ ಹೆಚ್ಚಿನವು ದ್ವಿಚಕ್ರ ವಾಹನಗಳು. ಶಾಲೆಯ ಕಾಂಪೌಂಡಿನ ಒಳಗೇ ನಿಂತು ಹತ್ತು ನಿಮಿಷ ರಸ್ತೆಯ ಗಾಡಿಗಳನ್ನು ಬಗೆಬಗೆಯಾಗಿ ಎಣಿಸಲು ಮಕ್ಕಳಿಗೆ ಹೇಳಬಹುದು. ಜೊತೆಗೆ ಪ್ರತಿ ಗಾಡಿಯಲ್ಲಿ ಎಷ್ಟು ಜನ ಇದ್ದಾರೆ ಎಂದೂ ಬರೆದುಕೊಳ್ಳಲಿ. ಒಬ್ಬರೇ ಕೂತ ಕಾರು, ಐವತ್ತು ಜನ ತುಂಬಿದ ಬಿಎಂಟಿಸಿ ಬಸ್ಸು, ಇಡೀ ಬೀದಿಯ ಅಂಗಡಿಗಳಿಗೆ ಅಕ್ಕಿ ತರುವ ಗೂಡ್ಸ್ ಗಾಡಿ, ಇವುಗಳನ್ನು ತಲೆಗೆ ಎಷ್ಟು ಎಂಬ ಲೆಕ್ಕದಲ್ಲಿ ನೋಡಿದಾಗ ದೋಷ ಹೊರಿಸುವ ಬೆರಳು ಬೇರೆ ಕಡೆ ತಿರುಗಬಹುದು, ಕೆಲವೊಮ್ಮೆ ನಮ್ಮ ಕಡೆಗೂ.

ಆಕ್ಷೇಪಗಳು ಮತ್ತು ಒಂದು ಸಲಹೆ

ಇಷ್ಟಕ್ಕೆಲ್ಲ ಸಮಯ ಎಲ್ಲಿದೆ ಎಂದು ಮಾರ್ಗದರ್ಶಕ ಶಿಕ್ಷಕರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ, ಪಠ್ಯ ಮುಗಿಸುವ ಹೊರೆ ಅವರ ತಲೆಯ ಮೇಲಿದೆ. ಆದರೆ ನಾನು ಕೇಳುತ್ತಿರುವುದು ಹೆಚ್ಚುವರಿ ಅವಧಿಯನ್ನಲ್ಲ. ದಹನದ ಪಾಠದ ಕೊನೆಯಲ್ಲಿ ಐದು ನಿಮಿಷ, ಗೋಳದ ಘನಫಲದಲ್ಲಿ ಒಂದು ಲೆಕ್ಕ, ಉಸಿರಾಟದ ಪಾಠದಲ್ಲಿ ಇನ್ನೊಂದು ಲೆಕ್ಕ, ಇಷ್ಟೇ. ಹೆದರಿಸಿದಂತಾಗುವುದಿಲ್ಲವೇ ಎಂಬುದು ಎರಡನೆಯ ಆಕ್ಷೇಪ. ಕಾರಣ ತಿಳಿಯದ ಅಪಾಯ ಮಕ್ಕಳನ್ನು ಹೆಚ್ಚು ಹೆದರಿಸುತ್ತದೆ. ದಾರಿ ತಿಳಿದರೆ ಎಲ್ಲಿ ತಡೆಯಬಹುದು ಎಂದೂ ತಿಳಿಯುತ್ತದೆ. ಗೇಟಿನ ಮುಂದೆ ಮಕ್ಕಳಿಗಾಗಿ ಕಾಯುವ ವ್ಯಾನು, ಸ್ಕೂಟರುಗಳ ಎಂಜಿನ್ ಆರಿಸುವುದು, ಬೆಳಗಿನ ಪ್ರಾರ್ಥನೆ ಮತ್ತು ಕವಾಯತನ್ನು ರಸ್ತೆಯಿಂದ ದೂರದ ಬದಿಗೆ ಒಯ್ಯುವುದು, ಅಂಗಳಕ್ಕೆ ನೀರು ಚಿಮುಕಿಸಿ ಗುಡಿಸುವುದು, ಉದುರಿದ ಎಲೆಗೆ ಬೆಂಕಿ ಹಾಕದಿರುವುದು, ಇವು ಶಾಲೆಯೊಂದು ನಾಳೆಯೇ ಮಾಡಬಹುದಾದ ಕೆಲಸಗಳು. ಗಿಡವನ್ನೂ ನೆಡೋಣ, ಎಲೆಗಳು ಒಂದಷ್ಟು ಧೂಳನ್ನು ಹಿಡಿಯುತ್ತವೆ. ಆದರೆ ಕಣ ಹುಟ್ಟುವ ದಾರಿಯ ಪಾಠಕ್ಕೆ ಅದು ಬದಲಿಯಾಗದು.

ಪರಿಸರ ಶಿಕ್ಷಣ ಶಾಲೆಗಳಲ್ಲಿ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಹೇಳಿತು. ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು ಎಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮೊದಲ ಮಾರ್ಗದರ್ಶಿ ತತ್ವ. ಅದನ್ನು ನಾವೆಲ್ಲ ಆಂತರಿಕ ಪರೀಕ್ಷೆಯಲ್ಲಿ ಅಂಕಕ್ಕಾಗಿ ಬರೆದಿದ್ದೇವೆ. ತರಗತಿಯಲ್ಲಿ ಅದು ಕಾಣಬೇಕಾದರೆ ನಮ್ಮ ಉಪನ್ಯಾಸಕರ ನೆರವು ಬೇಕು. ನಾವು ಪಾಠವನ್ನು ರೂಪಿಸುವುದು ವೀಕ್ಷಣಾ ನಮೂನೆಯಲ್ಲಿ ಯಾವುದಕ್ಕೆ ಅಂಕವಿದೆ ಎಂದು ನೋಡಿಕೊಂಡೇ. ಚಾರ್ಟಿಗೆ, ಕಪ್ಪುಹಲಗೆಯ ಬರವಣಿಗೆಗೆ, ತರಗತಿ ನಿರ್ವಹಣೆಗೆ ಅಲ್ಲಿ ಸಾಲುಗಳಿವೆ. ‘ವಿದ್ಯಾರ್ಥಿಯ ಅನಿರೀಕ್ಷಿತ ಪ್ರಶ್ನೆಯನ್ನು ಪಾಠದೊಳಕ್ಕೆ ತಂದರೇ?’ ಎಂಬ ಒಂದು ಸಾಲು ಸೇರಲಿ. ಕೆಂಗೇರಿಯ ಹುಡುಗನ ಪ್ರಶ್ನೆಗೂ ವಿಜಯನಗರದ ಹುಡುಗಿಯ ಮಾತಿಗೂ ಆಗ ಜಾಗ ಸಿಗುತ್ತದೆ.

ನಮ್ಮ ಕಡೆಯಿಂದ ಆಗಬೇಕಾದದ್ದು ಇನ್ನೂ ಸಣ್ಣ ಬದಲಾವಣೆ. ಪಾಠಯೋಜನೆಯ ಮೌಲ್ಯಮಾಪನ ಹಂತದಲ್ಲಿ ‘ವಾಯು ಮಾಲಿನ್ಯದ ಎರಡು ಕಾರಣಗಳನ್ನು ಬರೆಯಿರಿ’ ಎಂಬ ಪ್ರಶ್ನೆಯನ್ನು ತೆಗೆದು, ಮುಂದಿನ ತಂಡ ಈ ಪ್ರಶ್ನೆಯನ್ನು ಕೇಳಿ ನೋಡಲಿ: ‘ಮಾಗಡಿ ರಸ್ತೆಯಲ್ಲಿ ಡೀಸೆಲ್ ಬಸ್ಸಿನ ಬದಲು ವಿದ್ಯುತ್ ಬಸ್ ಓಡಿದರೆ ಗಾಳಿಗೆ ಕಣ ಸೇರುವ ಯಾವ ದಾರಿಗಳು ಮುಚ್ಚುತ್ತವೆ, ಯಾವುದು ತೆರೆದೇ ಇರುತ್ತದೆ? ಆ ವಿದ್ಯುತ್ತು ರಾಯಚೂರಿನ ಕಲ್ಲಿದ್ದಲು ಸ್ಥಾವರದಿಂದ ಬಂದಿದ್ದರೆ ನಿಮ್ಮ ಉತ್ತರ ಬದಲಾಗುತ್ತದೆಯೇ?’ ಉತ್ತರಗಳು ಒಕ್ಕೊರಲಿನಲ್ಲಿ ಬರುವುದಿಲ್ಲ. ಬಂದ ಉತ್ತರಗಳನ್ನು ಇದೇ ಪತ್ರಿಕೆಯಲ್ಲಿ ಹಂಚಿಕೊಂಡರೆ ಮುಂದಿನ ವರ್ಷದ ಪ್ರಶಿಕ್ಷಣಾರ್ಥಿಗಳಿಗೆ ಚಾರ್ಟಿಗಿಂತ ಹೆಚ್ಚು ಉಪಯೋಗವಾದೀತು.